ತೆರೆದ ಬಾಗಿಲು, ಒರಗಿಸಿಟ್ಟ ಕಸಬರಿಗೆ

ಇತಿಹಾಸವೆಂದೊಡನೆ ನಿಮಗೆ ರಾಜರು, ಯುದ್ಧಗಳು, ಇಸವಿಗಳು ನೆನಪಾಗುತ್ತವೆ. ಕಸಬರಿಗೆ, ಏಣಿ, ಹುಲ್ಲಿನ ಬಣವೆಗಳಿಗೂ ಇತಿಹಾಸದಲ್ಲಿ ಜಾಗವಿದೆ ಎಂದು ತೋರಿಸಿದವರೊಬ್ಬರನ್ನು ಇಲ್ಲಿ ಪರಿಚಯಿಸಬಯಸುತ್ತೇನೆ. ಅವರು ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ (1800–1877).

ಛಾಯಾಚಿತ್ರದ ಹಿಂದಿನ ತತ್ತ್ವ ಟಾಲ್ಬಟ್‌ಗಿಂತ ಬಹಳ ಹಳೆಯದು. ಬಸ್ರಾದಲ್ಲಿ ಜನಿಸಿದ ವಿಜ್ಞಾನಿ ಇಬ್ನುಲ್ ಹೈಸಮ್ ಅವರು 11ನೇ ಶತಮಾನದಲ್ಲೇ ಇದನ್ನು ಪರೀಕ್ಷಿಸಿದ್ದರು. ಗ್ರಹಣದ ಸೂರ್ಯನ ಬೆಳಕು ಸಣ್ಣ ರಂಧ್ರದಿಂದ ಒಳಬಂದರೆ ಕುಡುಗೋಲಿನಾಕಾರದ ಬಿಂಬ ಮೂಡುತ್ತದೆ, ರಂಧ್ರ ದೊಡ್ಡದಾದರೆ ಆ ಆಕಾರ ಉಳಿಯುವುದಿಲ್ಲ ಎಂದು ವಿವರಿಸಿದ್ದರು. 16ನೇ ಶತಮಾನದಲ್ಲಿ ಯುರೋಪಿನವರು ಆ ರಂಧ್ರಕ್ಕೆ ಮಸೂರ, ಅಂದರೆ ಲೆನ್ಸ್ ಜೋಡಿಸಿದರು. ಬಿಂಬ ಸ್ಪಷ್ಟವಾಯಿತು, ಆದರೆ ಅದನ್ನು ಉಳಿಸಿಕೊಳ್ಳುವ ಉಪಾಯ ಯಾರಿಗೂ ಗೊತ್ತಿರಲಿಲ್ಲ.

1833ರಲ್ಲಿ ಇಟಲಿಯ ಕೋಮೊ ಸರೋವರದ ದಡದಲ್ಲಿ ಟಾಲ್ಬಟ್ ಚಿತ್ರ ಬಿಡಿಸಲು ಕುಳಿತರು. ಕೈ ಪಳಗಿರಲಿಲ್ಲ, ಚಿತ್ರ ಸರಿಬರಲಿಲ್ಲ. ಬಿಂಬವೇ ಕಾಗದದ ಮೇಲೆ ಅಚ್ಚಾಗಿ ನಿಲ್ಲುವಂತಿದ್ದರೆ ಎಂಬ ಯೋಚನೆ ಆಗ ಹುಟ್ಟಿತು. ಊರಿಗೆ ಮರಳಿ, ಕಾಗದವನ್ನು ಉಪ್ಪುನೀರಿನಲ್ಲಿ ಅದ್ದಿ, ಅದಕ್ಕೆ ಸಿಲ್ವರ್ ನೈಟ್ರೇಟ್ ಹಚ್ಚಿದರು. ಬೆಳಕು ಬಿದ್ದ ಕಡೆ ಕಾಗದ ಕಪ್ಪಾಗುತ್ತಿತ್ತು. ಆದರೆ ದೊಡ್ಡ ಕ್ಯಾಮೆರಾದೊಳಗೆ ಬೆಳಕು ಸಾಲುತ್ತಿರಲಿಲ್ಲ.

ಅವರ ಜಾಣ್ಮೆ ಕಾಣುವುದು ಇಲ್ಲಿ. ಸಂಗಮದೂರ ಕಡಿಮೆಯಿರುವ ಮಸೂರದಿಂದ ಬಿಂಬ ಚಿಕ್ಕದಾಗುತ್ತದೆ, ಬೆಳಕು ಕಿರಿದಾದ ಜಾಗದಲ್ಲಿ ಒತ್ತಾಗಿ ಬೀಳುತ್ತದೆ. ಇದನ್ನರಿತ ಟಾಲ್ಬಟ್ ಪುಟ್ಟ ಮರದ ಪೆಟ್ಟಿಗೆಗಳನ್ನು ಮಾಡಿಸಿ, ಅಂಥ ಮಸೂರ ಕೂರಿಸಿ, ಮನೆಯ ಸುತ್ತ ಇಟ್ಟರು. ಪತ್ನಿ ಕಾನ್‌ಸ್ಟೆನ್ಸ್ ಅವನ್ನು ಇಲಿಬೋನುಗಳೆಂದು ಕರೆದರು! 1835ರ ಆಗಸ್ಟ್‌ನಲ್ಲಿ ಲೇಕಾಕ್ ಅಬ್ಬೆಯ ಅವರ ಮನೆಯ ಕಿಟಕಿಯೊಂದು ಅಂಚೆಚೀಟಿಯಷ್ಟು ಕಾಗದದ ಮೇಲೆ ಮೂಡಿತು. ಆ ನೆಗೆಟಿವ್ ಇಂದಿಗೂ ಉಳಿದಿದೆ.

1840ರಲ್ಲಿ ಅವರು, ಕಣ್ಣಿಗೆ ಕಾಣದಷ್ಟು ಮಸುಕಾದ ಬಿಂಬವನ್ನೂ ರಾಸಾಯನಿಕದಿಂದ ಎದ್ದು ಕಾಣುವಂತೆ ಮಾಡುವ ವಿಧಾನ ಕಂಡುಹಿಡಿದರು. ಗಂಟೆಗಟ್ಟಲೆ ಕಾಯುವ ಕೆಲಸ ನಿಮಿಷಗಳಿಗೆ ಇಳಿಯಿತು. ಒಂದು ನೆಗೆಟಿವ್‌ನಿಂದ ಎಷ್ಟಾದರೂ ಪ್ರತಿ ತೆಗೆಯಬಹುದಾಯಿತು.

ಇಷ್ಟು ಶ್ರಮಪಟ್ಟು ಅವರು ತೆಗೆದದ್ದೇನು? ತೆರೆದ ಬಾಗಿಲಿಗೆ ಒರಗಿಸಿಟ್ಟ ಕಸಬರಿಗೆ, ಬಣವೆಗೆ ಚಾಚಿದ ಏಣಿ, ಕಪಾಟಿನ ಪಿಂಗಾಣಿ, ಚಳಿಗಾಲದಲ್ಲಿ ಎಲೆ ಉದುರಿಸಿ ನಿಂತ ಓಕ್ ಮರ. 1844ರಿಂದ 1846ರವರೆಗೆ ಕಂತುಗಳಲ್ಲಿ ಬಂದ ಅವರ ಪುಸ್ತಕದಲ್ಲಿ 24 ಚಿತ್ರಗಳಿವೆ. ಚಿತ್ರ ತೆಗೆದವನು ಆ ಹೊತ್ತಿನಲ್ಲಿ ಗಮನಿಸದ ವಿವರಗಳು ಬಹುಕಾಲದ ನಂತರ ಅದರಲ್ಲಿ ಕಾಣಸಿಗುತ್ತವೆ ಎಂದು ಅವರು ಅದರಲ್ಲೇ ಬರೆದಿದ್ದಾರೆ.

ಕಾಗದದ ನೆಗೆಟಿವ್ ನಮ್ಮ ನಾಡಿಗೂ ಬಂತು. 1854ರ ಡಿಸೆಂಬರ್‌ನಲ್ಲಿ ಸೇನಾಧಿಕಾರಿ ಲಿನೇಯಸ್ ಟ್ರೈಪ್ ಹಳೇಬೀಡು, ಬೇಲೂರುಗಳನ್ನು ಅದರಲ್ಲೇ ಚಿತ್ರಿಸಿದರು. ಆಗ ಆ ಕಲ್ಲುಗಳ ಸ್ಥಿತಿ ಹೇಗಿತ್ತೆಂದು ತಿಳಿಯಲು ಇಂದು ಆ ಚಿತ್ರಗಳನ್ನು ನೋಡಬಹುದು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯ ಆಲ್ಬಂ ತೆರೆದು ನೋಡಿ. ಮದುವೆಯ ಫೋಟೋಗಳು ಸಿಗುತ್ತವೆ. ಅಜ್ಜಿ ಅಡುಗೆ ಮಾಡಿದ ಒಲೆ, ತಾತ ಕುಳಿತು ದುಡಿದ ಅಂಗಡಿ, ಮಳೆಗಾಲದ ನಿಮ್ಮ ಬೀದಿ ಸಿಗುತ್ತವೆಯೇ? ಅವರು ಹೇಗೆ ಬದುಕಿದರೆಂದು ನಾಳೆ ಕೇಳುವವರಿಗೆ ಏನು ತೋರಿಸುತ್ತೀರಿ? ಈಗ ಅನೇಕರ ಕೈಯಲ್ಲಿ ಕ್ಯಾಮೆರಾವುಳ್ಳ ಮೊಬೈಲ್ ಇದೆ. ಮೊದಲು ಒಂದು ಭೂತಗನ್ನಡಿ ತೆಗೆದುಕೊಂಡು, ಕತ್ತಲ ಕೋಣೆಯಲ್ಲಿ ಕಿಟಕಿಗೆ ಎದುರಾಗಿ ಹಿಡಿದು, ಹಿಂದೆ ಬಿಳಿ ಕಾಗದವಿಟ್ಟು ನೋಡಿ. ಕಿಟಕಿ ತಲೆಕೆಳಗಾಗಿ ಮೂಡುತ್ತದೆ. ಬಳಿಕ ನಿಮ್ಮ ಬೀದಿಯ ಒಂದು ಮರವನ್ನು ಆರಿಸಿಕೊಂಡು, ಒಂದೇ ಜಾಗದಲ್ಲಿ ನಿಂತು, ಬೇಸಿಗೆ, ಮಳೆ, ಚಳಿಗಾಲಗಳಲ್ಲಿ ಅದರ ಚಿತ್ರ ತೆಗೆಯಿರಿ. ಪ್ರತಿ ಹಾಕಿಸಿ, ಹಿಂಬದಿಯಲ್ಲಿ ದಿನಾಂಕ ಮತ್ತು ಜಾಗದ ಹೆಸರು ಬರೆದಿಡಿ.