ಬಾಗಳಿಯ ಕಂಬ, ಅಂಕಸಮುದ್ರದ ಕೊಕ್ಕರೆ: ನಮ್ಮ ಚಿತ್ರಗಳನ್ನು ಎಲ್ಲಿಡೋಣ?

ಅಲೆಕ್ಸಾಂಡರ್ ರೀ ಅವರ ‘ಚಾಲುಕ್ಯನ್ ಆರ್ಕಿಟೆಕ್ಚರ್’ ಮದ್ರಾಸಿನಲ್ಲಿ ಅಚ್ಚಾದದ್ದು 1896ರಲ್ಲಿ. ಆಗಿನ ಬಳ್ಳಾರಿ ಜಿಲ್ಲೆಯ ಗುಡಿಗಳನ್ನೇ ಮುಖ್ಯವಾಗಿ ಹಿಡಿದು ಬರೆದ ಗ್ರಂಥ ಅದು. ಹರಪನಹಳ್ಳಿ ತಾಲ್ಲೂಕಿನ ಬಾಗಳಿ, ಹಡಗಲಿ ತಾಲ್ಲೂಕಿನ ಕುರುವತ್ತಿ, ಮಾಗಳದ ಗುಡಿಗಳೆಲ್ಲ ಅದರ ಚಿತ್ರಫಲಕಗಳಲ್ಲಿವೆ. ಇವತ್ತು ಅದರ ಸ್ಕ್ಯಾನ್ ಪ್ರತಿಯನ್ನು ಮೊಬೈಲಿನಲ್ಲೇ ತೆರೆದು ನೋಡಬಹುದು. ಇದೇ ಗುಡಿಗಳನ್ನು ಹದಿನೈದು ವರ್ಷದ ಹಿಂದೆ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದು ಅಂತರ್ಜಾಲಕ್ಕೆ ಏರಿಸಿದವರೂ ಇದ್ದಾರೆ. ಆ ಚಿತ್ರಗಳನ್ನು ಹುಡುಕಿ ಹೋದರೆ ಎಷ್ಟೋ ಕಡೆ ಖಾಲಿ ಚೌಕವಷ್ಟೇ ಕಾಣುತ್ತದೆ. ನೂರಿಪ್ಪತ್ತು ವರ್ಷ ದಾಟಿದ ಕಾಗದ ಉಳಿದಿದೆ, ಮೊನ್ನೆಯ ಫೋಟೊ ಉಳಿದಿಲ್ಲ. ಇದು ಯಾಕಾಯಿತು ಎಂದು ತಿಳಿಯಲು ಚಿತ್ರಸಂಗ್ರಹ ತಾಣಗಳು ಬೆಳೆದು ಬಂದ ದಾರಿಯನ್ನೇ ನೋಡಬೇಕು.

ಫೋಟೊಬಕೆಟ್ ಮತ್ತು ಇಮೇಜ್‌ಶ್ಯಾಕ್ 2003ರಲ್ಲಿ ಬಂದವು, ಫ್ಲಿಕರ್ 2004ರಲ್ಲಿ. ಚಿತ್ರವನ್ನು ಒಂದು ಕಡೆ ಇಟ್ಟು, ಅದರ ಕೊಂಡಿಯನ್ನು ಬೇರೆ ಪುಟಗಳಲ್ಲಿ ಹಾಕಿ ತೋರಿಸುವ ಅನುಕೂಲ ಇವುಗಳಿಂದ ಸಿಕ್ಕಿತು. ಫ್ಲಿಕರನ್ನು ಯಾಹೂ ಮರುವರ್ಷವೇ ಕೊಂಡಿತು. ಗೂಗಲ್ 2006ರಲ್ಲಿ ಪಿಕಾಸಾ ವೆಬ್ ಆಲ್ಬಮ್ ತೆರೆಯಿತು. ಪನೋರಮಿಯೊ ಎಂಬ ತಾಣ ಚಿತ್ರಗಳನ್ನು ಭೂಪಟದ ಮೇಲೇ ಕೂರಿಸುತ್ತಿತ್ತು. ಪ್ರವಾಸಿ ಪುಸ್ತಕಗಳಲ್ಲಿ ಹೆಸರಿಲ್ಲದ ಕೆರೆ, ಗುಡ್ಡ, ಹಾಳು ಕೋಟೆಗಳಿಗೂ ಅಲ್ಲಿ ಜಾಗವಿತ್ತು. ಆರ್ಕುಟ್ ಎಂಬ ಸಾಮಾಜಿಕ ತಾಣದ ಆಲ್ಬಮ್‌ಗಳು ಆ ಕಾಲದ ಹುಡುಗರಿಗೆಲ್ಲ ನೆನಪಿರಬೇಕು.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು, ಪಿಕಾಸಾ ಮತ್ತು ಪನೋರಮಿಯೊ 2016ರಲ್ಲಿ. ದೊಡ್ಡ ಪೆಟ್ಟು ಬಿದ್ದದ್ದು 2017ರ ಜೂನ್‌ನಲ್ಲಿ. ತನ್ನಲ್ಲಿರುವ ಚಿತ್ರ ಬೇರೆ ಪುಟದಲ್ಲಿ ಕಾಣಬೇಕಾದರೆ ವರ್ಷಕ್ಕೆ 399.99 ಡಾಲರ್ ಕಟ್ಟಬೇಕೆಂದು ಫೋಟೊಬಕೆಟ್ ದಿಢೀರನೆ ಹೇಳಿತು. ಕೊಂಡಿ ನೀಡಿದ್ದ ಲೆಕ್ಕವಿಲ್ಲದಷ್ಟು ಪುಟಗಳಲ್ಲಿ ಚಿತ್ರ ಮಾಯವಾಗಿ ಹಣ ಕೇಳುವ ಸೂಚನೆ ಕಾಣಿಸಿಕೊಂಡಿತು. ಉಚಿತ ತಾಣವೆಂದರೆ ಕರಾರುಪತ್ರವಿಲ್ಲದ ಬಾಡಿಗೆ ಮನೆ ಎಂಬುದು ಬಹಳ ಜನರಿಗೆ ಅರಿವಾದದ್ದು ಆಗಲೇ. ಫ್ಲಿಕರ್ 2013ರಲ್ಲಿ ಒಂದು ಟೆರಾಬೈಟ್ ಜಾಗವನ್ನು ಉಚಿತವಾಗಿ ಕೊಟ್ಟಿತ್ತು. 2018ರಲ್ಲಿ ಅದು ಸ್ಮಗ್‌ಮಗ್ ಕಂಪನಿಯ ಕೈಸೇರಿತು. ಹೊಸ ಮಾಲೀಕರು ಉಚಿತ ಖಾತೆಗೆ 1000 ಚಿತ್ರಗಳ ಮಿತಿ ಹಾಕಿ, ಹೆಚ್ಚಿನವನ್ನು 2019ರಲ್ಲಿ ಅಳಿಸತೊಡಗಿದರು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಮುಕ್ತವಾಗಿ ಹಂಚಿದ್ದ ಚಿತ್ರಗಳನ್ನು ಮಾತ್ರ ಮುಟ್ಟಲಿಲ್ಲ. ಈ ಕೊನೆಯ ಮಾತನ್ನು ಓದುಗರು ಮನಸ್ಸಿನಲ್ಲಿಡಬೇಕು.

ಗೂಗಲ್ ಫೋಟೋಸ್ 2015ರಲ್ಲಿ ಮಿತಿಯಿಲ್ಲದ ಜಾಗದ ಮಾತಿನೊಂದಿಗೆ ಬಂತು. 2021ರ ಜೂನ್ 1ರಿಂದ ಆ ಕಾಲವೂ ಮುಗಿಯಿತು. ಈಗ ಮೇಲ್, ಡ್ರೈವ್, ಫೋಟೊ ಎಲ್ಲ ಸೇರಿ ಉಚಿತವಾಗಿ ಸಿಗುವುದು 15 ಜಿಬಿ. ‘ಸ್ಟೋರೇಜ್ ಫುಲ್’ ಎಂಬ ಸಂದೇಶ ಬರದ ಫೋನು ಇವತ್ತು ಅಪರೂಪ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂಬ ನಿಯಮವೂ 2023ರಲ್ಲಿ ಜಾರಿಗೆ ಬಂದಿದೆ. ತೀರಿಕೊಂಡ ಅಪ್ಪನ ಖಾತೆಯಲ್ಲಿ ಮನೆಯ ಚಿತ್ರಗಳಿದ್ದರೆ ತಡಮಾಡಬಾರದು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕುಗಳಲ್ಲಿ ಚಿತ್ರಗಳ ನಿಜವಾದ ಉಗ್ರಾಣವೆಂದರೆ ವಾಟ್ಸ್‌ಆ್ಯಪ್. ನನ್ನ ಆತಂಕವೂ ಅದೇ. ಉದಾಹರಣೆಗೆ, ಕೊಟ್ಟೂರಿನ ಜಾತ್ರೆಯಲ್ಲಿ ರಥ ಉರುಳಿದ್ದು 2017ರ ಫೆಬ್ರುವರಿ 21ರಂದು. ಆ ಸಂಜೆಯ ಒಂದು ಚಿತ್ರ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿದ್ದರೆ ಅದರ ಕಡತದ ಹೆಸರು ನೋಡಿ: ‘ಐಎಂಜಿ’, ಮುಂದೆ ಎಂಟು ಅಂಕಿಯ ದಿನಾಂಕ, ಆಮೇಲೆ ‘ಡಬ್ಲ್ಯುಎ’. ಆ ದಿನಾಂಕ ಚಿತ್ರ ತೆಗೆದ ದಿನದ್ದಲ್ಲ, ನಿಮ್ಮ ಫೋನಿಗೆ ಬಂದ ದಿನದ್ದು. ತೆಗೆದ ಹೊತ್ತು, ಜಾಗ, ಕ್ಯಾಮೆರಾದ ವಿವರ ಎಲ್ಲವನ್ನೂ ಕಳಿಸುವಾಗಲೇ ತೆಗೆದುಹಾಕಲಾಗುತ್ತದೆ, ಚಿತ್ರವೂ ಕುಗ್ಗುತ್ತದೆ. ಹತ್ತು ಗುಂಪು ಸುತ್ತಿ ಬಂದ ಮೇಲೆ ಯಾರು ತೆಗೆದರು ಎಂದು ಹೇಳುವವರೇ ಇರುವುದಿಲ್ಲ. ಮೂಲ ಕಡತವೇ ಬೇಕಿದ್ದರೆ ಫೋಟೊ ಎಂದು ಕಳಿಸದೆ ‘ಡಾಕ್ಯುಮೆಂಟ್’ ಎಂದು ಕಳಿಸಬೇಕು.

ಹಾಗಾದರೆ ಈಗ ಎಲ್ಲಿಡುವುದು? ಮದುವೆ, ನಾಮಕರಣ, ಮಕ್ಕಳ ಚಿತ್ರಗಳಿಗೆ ದುಡ್ಡು ಕಟ್ಟುವ ಖಾಸಗಿ ಜಾಗವೇ ಸರಿ, ಜೊತೆಗೆ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್. ತಾಣವನ್ನು ಆರಿಸುವಾಗ ಜನ ಎಷ್ಟು ಜಿಬಿ ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು ಬಿಟ್ಟು ಹೊರಡುವ ದಿನ ಎಲ್ಲವನ್ನೂ ಮೂಲ ರೂಪದಲ್ಲಿ ಒಟ್ಟಿಗೆ ಇಳಿಸಿಕೊಳ್ಳಬಹುದೇ ಎಂದು. ಆ ದಾರಿಯಿಲ್ಲದ ತಾಣ ಎಷ್ಟು ಜಾಗ ಕೊಟ್ಟರೂ ಬೇಡ.

ಗುಡಿ, ಕೆರೆ, ಶಾಸನ, ಜಾತ್ರೆಯ ಚಿತ್ರಗಳ ವಿಷಯ ಬೇರೆ. ಅವಕ್ಕೆ ವಿಕಿಮೀಡಿಯ ಕಾಮನ್ಸ್‌ಗಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. 2004ರಲ್ಲಿ ಶುರುವಾದ ಇದನ್ನು ಲಾಭದ ಕಂಪನಿಯಲ್ಲ, ದೇಣಿಗೆಯಲ್ಲಿ ಬದುಕುವ ಪ್ರತಿಷ್ಠಾನ ನಡೆಸುತ್ತದೆ. 2019ರಿಂದ ಚಿತ್ರಕ್ಕೆ ಕನ್ನಡದಲ್ಲೇ ಶೀರ್ಷಿಕೆ ಕೊಡಬಹುದು. ಇಲ್ಲಿಯೂ ಮೇಲೆ ಹೇಳಿದಂಥ ಮುಕ್ತ ಪರವಾನಗಿಯೇ ಬೇಕು, ಅದರ ಒಂದು ಷರತ್ತನ್ನು ಮಾತ್ರ ತಿಳಿದೇ ಒಪ್ಪಬೇಕು: ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ, ಆ ಚಿತ್ರವನ್ನು ಬಳಸಬಹುದು. ಅದು ಬೇಡವೆನ್ನುವ ಸ್ಟುಡಿಯೋದವರ ಮಾತಿನಲ್ಲೂ ನ್ಯಾಯವಿದೆ, ಅದು ಅವರ ಹೊಟ್ಟೆಪಾಡು. ಆದರೆ ಮಾರಾಟಕ್ಕೆ ಬಾರದೆ ಕಂಪ್ಯೂಟರಿನಲ್ಲಿ ಕೊಳೆಯುತ್ತಿರುವ ಚಿತ್ರಗಳೂ ಅವರಲ್ಲಿವೆ. ಹಕ್ಕಿಯ ಚಿತ್ರವಾದರೆ ಹಕ್ಕಿಗಳನ್ನು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ತಾಣಕ್ಕೆ ಹಾಕುವುದು ಮೇಲು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ರಾಮ್ಸರ್ ಮನ್ನಣೆ ಸಿಕ್ಕಿದೆ. ಅಲ್ಲಿನ ಜಾಲಿ ಮರದ ಮೇಲೆ ಗೂಡು ಕಟ್ಟಿದ ಕೊಕ್ಕರೆಯ ಚಿತ್ರ ದಿನಾಂಕದ ಜೊತೆ ದಾಖಲಾದರೆ ಸಂಶೋಧಕರಿಗೆ ಸಾಕ್ಷಿಯಾಗುತ್ತದೆ.

ನಮ್ಮ ಕಡೆಯ ಚಿತ್ರಗಳಿಗೆ ಇನ್ನೊಂದು ತೊಡಕಿದೆ. ಹರಪನಹಳ್ಳಿ 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಹೋಯಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ನಮ್ಮ ಉಳಿದ ನಾಲ್ಕು ತಾಲ್ಲೂಕುಗಳ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹೀಗಾಗಿ ಬಾಗಳಿಯ ಕಲ್ಲೇಶ್ವರ ಗುಡಿಯನ್ನು ಜಿಲ್ಲೆಯ ಹೆಸರಿನಲ್ಲಿ ಹುಡುಕುವವರು ಮೂರು ಕಡೆ ಅಲೆಯಬೇಕು. ಜಿಲ್ಲೆ ಬದಲಾದರೂ ಊರು ಅಲ್ಲೇ ಇರುತ್ತದೆ. ಶೀರ್ಷಿಕೆಯಲ್ಲಿ ಊರು, ತಾಲ್ಲೂಕು, ಗುಡಿಯ ಹೆಸರು, ತೆಗೆದ ದಿನ, ಸಾಧ್ಯವಾದರೆ ಅಕ್ಷಾಂಶ ರೇಖಾಂಶ ಇರಲಿ. ಗೂಡು ಕಟ್ಟಿದ ಅಪರೂಪದ ಹಕ್ಕಿಯ ನಿಖರ ಜಾಗವನ್ನು ಮಾತ್ರ ಬಹಿರಂಗ ಮಾಡಬೇಡಿ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸ್ಟುಡಿಯೋದವರಲ್ಲಿ, ಗುಡೇಕೋಟೆಯ ಕೋಟೆ ಹತ್ತಿದವರಲ್ಲಿ, ಮೈಲಾರದ ಕಾರ್ಣಿಕಕ್ಕೆ ಕ್ಯಾಮೆರಾ ಹೊತ್ತು ಹೋದವರಲ್ಲಿ ನನ್ನ ವಿನಂತಿ ಇಷ್ಟೆ. ಹಳೆಯ ನೆಗೆಟಿವ್ ಇದ್ದರೆ ಗೆದ್ದಲು ಹಿಡಿಯುವ ಮುಂಚೆ ಸ್ಕ್ಯಾನ್ ಮಾಡಿಸಿ. ಹಳೆಯ ಸಿಡಿ, ಮೆಮೊರಿ ಕಾರ್ಡುಗಳನ್ನು ಈ ತಿಂಗಳೇ ತೆರೆದು ನೋಡಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ. ಊರಿಗೆ ಸೇರಿದ ಹತ್ತು ಚಿತ್ರಗಳನ್ನಾದರೂ ನಿಮ್ಮ ಹೆಸರಿನಲ್ಲೇ ಕಾಮನ್ಸ್‌ಗೆ ಏರಿಸಿ.