ಡೆಡಮ್‌ನ ಫೇರ್‌ಬ್ಯಾಂಕ್ಸ್ ಮನೆ: ಕಾಲನಿರ್ಣಯ ಮತ್ತು ಉಳಿವು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ ನಗರದ ನೈಋತ್ಯಕ್ಕಿರುವ ಡೆಡಮ್ ಪಟ್ಟಣವು 1636ರಲ್ಲಿ ಇಂಗ್ಲಿಷ್ ವಲಸಿಗರ ನೆಲೆಯಾಗಿ ಸ್ಥಾಪನೆಗೊಂಡಿತು. ಇಲ್ಲಿನ ಫೇರ್‌ಬ್ಯಾಂಕ್ಸ್ ಮನೆಯು ಉತ್ತರ ಅಮೆರಿಕದಲ್ಲಿ ಉಳಿದುಬಂದಿರುವ, ಕಾಲ ಖಚಿತಪಟ್ಟಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಅತ್ಯಂತ ಹಳೆಯದು. ಯಾರ್ಕ್‌ಷೈರ್‌ನಿಂದ ವಲಸೆ ಬಂದ ಜೊನಾಥನ್ ಫೇರ್‌ಬ್ಯಾಂಕ್ಸ್ ತನ್ನ ಪತ್ನಿ ಗ್ರೇಸ್ ಹಾಗೂ ಮಕ್ಕಳಿಗಾಗಿ ಇದನ್ನು ಕಟ್ಟಿಸಿದನು.

ಈ ಮನೆಯು 1636ರದೆಂಬ ಹೇಳಿಕೆ ಬಹುಕಾಲ ಪ್ರಚಾರದಲ್ಲಿತ್ತು. ಊರು ಹುಟ್ಟಿದ ವರ್ಷಕ್ಕೇ ಮನೆಯನ್ನೂ ಒಯ್ಯುವುದು ಮನೆತನದ ಅಭಿಮಾನಕ್ಕೆ ಸಹಜವೇ. ಆದರೆ ಗೋಡೆಯ ಮೇಲೆ ಶಾಸನವಿಲ್ಲದ ಇಂಥ ಕಟ್ಟಡಕ್ಕೆ ತೊಲೆಗಳೇ ಶಾಸನ. ಮರದ ವಾರ್ಷಿಕ ಉಂಗುರಗಳ ಅಗಲ ಆಯಾ ವರ್ಷದ ಹವೆಯನ್ನು ಅನುಸರಿಸುತ್ತದೆ. ಆ ಪ್ರದೇಶದ ಕಾಲಬದ್ಧ ಉಂಗುರಶ್ರೇಣಿಯೊಂದಿಗೆ ಅವನ್ನು ತಾಳೆ ನೋಡಿ, ತೊಗಟೆಗೆ ತಾಗಿದ ಕೊನೆಯ ಉಂಗುರದಿಂದ ಮರ ಕಡಿದ ವರ್ಷವನ್ನು ತಿಳಿಯಬಹುದು. ಓಕ್ ಮರವನ್ನು ಹಸಿಯಿರುವಾಗಲೇ ಕೆತ್ತಿ ಬಳಸುತ್ತಿದ್ದುದರಿಂದ ಕಡಿದ ವರ್ಷವು ಕಟ್ಟಿದ ವರ್ಷಕ್ಕೆ ಸಮೀಪದ್ದಾಗಿರುತ್ತದೆ. ಹಳೆಯ ತೊಲೆಯನ್ನು ಮರುಬಳಸಿರುವ ಸಾಧ್ಯತೆಯಿರುವ ಕಾರಣ ಒಂದೇ ತೊಲೆಯ ಸಾಕ್ಷ್ಯ ಸಾಲದು. ಈ ವಿಧಾನದಿಂದ ಮನೆಯ ನಿರ್ಮಾಣವು 1637–1641ರ ನಡುವೆ ನಡೆದುದೆಂದು ನಿರ್ಧಾರವಾಗಿದೆ. ವ್ಯತ್ಯಾಸ ಕೆಲವೇ ವರ್ಷಗಳದು. ಆದರೆ ಐತಿಹ್ಯದ ಜಾಗದಲ್ಲಿ ಈಗ ಪ್ರಮಾಣವಿದೆ.

ಮನೆಯ ಭಾರವನ್ನು ಹೊರುವುದು ಗೋಡೆಯಲ್ಲ, ಚೌಕಟ್ಟು. ಕಂಬ–ತೊಲೆಗಳನ್ನು ಕುಳಿ–ನಾಲಗೆಗಳಿಂದ ಬೆಸೆದು ಮರದ ಗೂಟ ಹೊಡೆಯಲಾಗಿದೆ. ನಡುವೆ ಇಟ್ಟಿಗೆಯ ಹೊಗೆಗೂಡು, ಅದರ ಇಕ್ಕೆಲದಲ್ಲಿ ಕೋಣೆಗಳು. ಹಿಂಬದಿಯ ಇಳಿಮಾಡು, ಪಕ್ಕದ ರೆಕ್ಕೆಗಳು ಅನಂತರದ ಸೇರ್ಪಡೆಗಳು. ಹೊಸತನ್ನು ಸೇರಿಸುವಾಗ ಹಳೆಯದನ್ನು ಕೆಡವದಿದ್ದುದೇ ಇಲ್ಲಿನ ವಿಶೇಷ.

ಎಂಟು ತಲೆಮಾರುಗಳು ಇಲ್ಲಿ ಬಾಳಿದವು. ಕೊಲೆಯ ಅಪರಾಧಕ್ಕಾಗಿ 1801ರಲ್ಲಿ ಗಲ್ಲಿಗೇರಿದ ಜೇಸನ್ ಫೇರ್‌ಬ್ಯಾಂಕ್ಸ್‌ನೂ ಈ ಮನೆಯವನೇ. ಮನೆತನದ ಚರಿತ್ರೆ ಕೇವಲ ಕೀರ್ತಿಯದಲ್ಲ. ಕೊನೆಯ ನಿವಾಸಿ ರೆಬೆಕಾ ಫೇರ್‌ಬ್ಯಾಂಕ್ಸ್ ಹಣದ ಅಡಚಣೆಯಿಂದ 1895ರಲ್ಲಿ ಮನೆಯನ್ನು ಮಾರಬೇಕಾಯಿತಾದರೂ ಅಲ್ಲಿಯೇ ವಾಸ ಮುಂದುವರಿಸಿದಳು. 1897ರಲ್ಲಿ ಕಾಡ್‌ಮನ್ ಕುಟುಂಬದ ತಾಯಿ–ಮಗಳು ಅದನ್ನು ಕೊಂಡು ನಾಶದಿಂದ ಪಾರುಮಾಡಿದರು. ವಂಶಸ್ಥರ ಸಂಘವು 1904ರಲ್ಲಿ ಅವರಿಂದ ಮನೆಯನ್ನು ಪಡೆದು ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದೆ. ಅದೇ ವರ್ಷ ರೆಬೆಕಾ ಮನೆಯನ್ನು ಬಿಟ್ಟಳು.