ಪಾರ್ಕಿನ್ಸನ್ ಕಾಯಿಲೆ: ಕರ್ನಾಟಕದಲ್ಲಿ ನಡೆದ ಸಂಶೋಧನೆ

ಪಾರ್ಕಿನ್ಸನ್ ಕಾಯಿಲೆ ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ವರ್ಷಗಟ್ಟಲೆ ನಶಿಸುತ್ತ ಹೋಗುವುದರಿಂದ ಬರುವ ನರರೋಗ. ಈ ಕೋಶಗಳಿರುವುದು ನಡುಮಿದುಳಿನ ಸಬ್‌ಸ್ಟಾನ್ಷಿಯ ನೈಗ್ರ ಎಂಬ ಕಪ್ಪು ಪಟ್ಟಿಯಲ್ಲಿ. ಕೋಶಗಳೊಳಗಿನ ನ್ಯೂರೋಮೆಲನಿನ್ ಎಂಬ ವರ್ಣದ್ರವ್ಯದಿಂದ ಆ ಪಟ್ಟಿಗೆ ಕಪ್ಪು ಬಣ್ಣ. ಸುಮ್ಮನೆ ಇಟ್ಟ ಕೈ ನಡುಗುವುದು, ಚಲನೆ ನಿಧಾನವಾಗುವುದು, ಮೈ ಬಿಗಿಯುವುದು, ಹೆಜ್ಜೆ ಕಿರಿದಾಗಿ ಸಮತೋಲ ತಪ್ಪುವುದು ಮುಖ್ಯ ಲಕ್ಷಣಗಳು. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ. ಆಯುರ್ವೇದ ಕಂಪವಾತ ಎಂದು ಕರೆಯುವ ರೋಗದ ಲಕ್ಷಣಗಳು ಇದಕ್ಕೆ ಬಹಳ ಹತ್ತಿರವಾಗಿವೆ. 2016ರ ಜಾಗತಿಕ ಅಂದಾಜಿನಂತೆ ಪ್ರಪಂಚದಲ್ಲಿ ಸುಮಾರು 61 ಲಕ್ಷ ಮಂದಿ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದರು.

ನಡುಕ ಕಾಣುವ ಎಷ್ಟೋ ವರ್ಷ ಮೊದಲೇ ರೋಗ ಶುರುವಾಗಿರುತ್ತದೆ. ವಾಸನೆ ತಿಳಿಯದಿರುವುದು, ಬಿಡದ ಮಲಬದ್ಧತೆ, ಕನಸಿನಲ್ಲಿ ಕಂಡದ್ದಕ್ಕೆಲ್ಲ ನಿದ್ದೆಯಲ್ಲೇ ಕೈಕಾಲು ಝಾಡಿಸಿ ಕೂಗುವುದು ಮುನ್ಸೂಚನೆಗಳಾಗಿರಬಹುದು. ನಮ್ಮ ಮನೆಗಳಲ್ಲಿ ಇವನ್ನು ಯಾರೂ ಒಂದರ ಪಕ್ಕ ಒಂದಿಟ್ಟು ನೋಡುವುದಿಲ್ಲ. ನಡೆ ನಿಧಾನವಾದರೆ 'ವಯಸ್ಸಾಯಿತಲ್ಲ' ಎನ್ನುತ್ತೇವೆ. ಬೆಂಗಳೂರಿನ ವೃದ್ಧಾಶ್ರಮಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು: ಅಲ್ಲಿನ ಹಿರಿಯರಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಹೇರಳವಾಗಿದ್ದವು, ಗುರುತು ಹಿಡಿದದ್ದು ಮಾತ್ರ ಬಹಳ ಕಡಿಮೆ.

ಕೋಶದೊಳಗೆ ನಡೆಯುವುದು

ಫ್ರೆಡರಿಕ್ ಲೆವಿ 1912ರಲ್ಲಿ ರೋಗಿಗಳ ಮಿದುಳಿನಲ್ಲಿ ಕಂಡ ದುಂಡನೆಯ ಉಂಡೆಗಳಿಗೆ ಇಂದು ಲೆವಿ ಕಾಯ ಎಂದು ಹೆಸರು. ಅವು ಏನೆಂದು ತಿಳಿಯಲು 85 ವರ್ಷ ಬೇಕಾಯಿತು. 1997ರಲ್ಲಿ ಎರಡು ಸಂಗತಿಗಳು ಹೊರಬಿದ್ದವು: ಇಟಲಿ ಮೂಲದ ಕುಟುಂಬವೊಂದರಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ವಂಶವಾಹಿಯ ದೋಷವೇ ರೋಗಕ್ಕೆ ಕಾರಣವೆಂದು ಗೊತ್ತಾಯಿತು, ಲೆವಿ ಕಾಯಗಳ ಮುಖ್ಯ ವಸ್ತುವೂ ಅದೇ ಪ್ರೋಟೀನು ಎಂದು ಕಂಡಿತು. ಮಡಿಕೆ ಕೆಟ್ಟ ಈ ಪ್ರೋಟೀನು ಪಕ್ಕದ ಒಳ್ಳೆಯ ಪ್ರೋಟೀನನ್ನೂ ಕೆಡಿಸುತ್ತ ಒಂದು ಕೋಶದಿಂದ ಇನ್ನೊಂದಕ್ಕೆ ಹಬ್ಬಬಲ್ಲದು. ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ, ಈ ಹಬ್ಬುವಿಕೆ ಕರುಳಿನ ನರಗಳಲ್ಲೋ ವಾಸನೆಯ ನರಗಳಲ್ಲೋ ಆರಂಭವಾಗಿ ಮೇಲಕ್ಕೇರುತ್ತದೆ ಎಂಬ ವಾದ ಮುಂದಿಟ್ಟ. ಎಲ್ಲ ರೋಗಿಗಳಿಗೂ ಅದು ಹೊಂದುವುದಿಲ್ಲವಾದರೂ, ಮಲಬದ್ಧತೆ ಮತ್ತು ವಾಸನಾನಷ್ಟ ಯಾಕೆ ಮೊದಲು ಬರುತ್ತವೆ ಎಂಬುದಕ್ಕೆ ಅದೇ ಈವರೆಗಿನ ಒಳ್ಳೆಯ ವಿವರಣೆ.

ಇನ್ನೊಂದು ಸುಳಿವು ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ್ದು. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡ ಯುವಕರು ಕೆಲವೇ ದಿನಗಳಲ್ಲಿ ಮುದಿ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿ ಕುಳಿತರು. ಕಾರಣ ಎಂಪಿಟಿಪಿ ಎಂಬ ರಾಸಾಯನಿಕ. ಅದರಿಂದ ದೇಹದಲ್ಲಿ ಹುಟ್ಟುವ ವಿಷ ಡೋಪಮಿನ್ ಕೋಶಗಳ ಒಳಹೊಕ್ಕು ಮೈಟೊಕಾಂಡ್ರಿಯದ ಶಕ್ತಿ ಉತ್ಪಾದನೆಯನ್ನೇ ನಿಲ್ಲಿಸುತ್ತದೆ. ಪಾರ್ಕಿನ್ ಮತ್ತು ಪಿಂಕ್1 ಎಂಬ ವಂಶವಾಹಿಗಳ ಕೆಲಸವೇ ಕೆಟ್ಟ ಮೈಟೊಕಾಂಡ್ರಿಯಗಳನ್ನು ಗುರುತಿಸಿ ವಿಲೇವಾರಿಗೆ ಕಳಿಸುವುದು. ಇವೆರಡರಲ್ಲಿ ಯಾವುದು ಕೆಟ್ಟರೂ ಚಿಕ್ಕ ವಯಸ್ಸಿಗೇ ರೋಗ ಬರಬಹುದು.

ವಿಲೇವಾರಿಯ ಈ ವ್ಯವಸ್ಥೆಯನ್ನು, ಅಂದರೆ ಕೋಶವು ತನ್ನ ಕಸವನ್ನು ತಾನೇ ಅರಗಿಸುವ ಆಟೊಫೇಜಿಯನ್ನು, ಚುರುಕುಗೊಳಿಸಿದರೆ ಹೇಗೆ? ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ರವಿ ಮಂಜಿತಾಯ ಅವರ ತಂಡ ಈ ಪ್ರಶ್ನೆಯ ಬೆನ್ನು ಹತ್ತಿತು. ಮನುಷ್ಯರ ಆಲ್ಫಾ-ಸಿನ್ಯೂಕ್ಲಿನ್ ತಯಾರಿಸುವಂತೆ ಮಾಡಿದ ಯೀಸ್ಟ್ ಕೋಶಗಳು ಆ ಪ್ರೋಟೀನಿನ ವಿಷಕ್ಕೆ ಸಾಯುತ್ತವೆ. ಅವುಗಳನ್ನು ಉಳಿಸುವ ಸಣ್ಣ ಅಣುಗಳಿಗಾಗಿ ಹುಡುಕಿದಾಗ 6-ಬಯೊ ಎಂಬುದು ಸಿಕ್ಕಿತು. ಬೆಂಗಳೂರಿನ ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನ ಸಹಯೋಗದಲ್ಲಿ ಎಂಪಿಟಿಪಿ ಕೊಟ್ಟ ಇಲಿಗಳ ಮೇಲೆ ಪರೀಕ್ಷಿಸಿದಾಗ ಅದು ಡೋಪಮಿನ್ ಕೋಶಗಳನ್ನು ಕಾಪಾಡಿತು. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ಇಲಿಯ ಮಟ್ಟದ್ದು, ಅದನ್ನು ಔಷಧ ಎನ್ನಲಾಗದು. ಆದರೂ ಇಂದಿನ ಔಷಧಗಳು ಕಡಿಮೆಯಾದ ಡೋಪಮಿನ್ ತುಂಬಿಕೊಡುವಲ್ಲಿಗೆ ನಿಲ್ಲುತ್ತವೆ. ಕೋಶವನ್ನೇ ಉಳಿಸುವ ದಾರಿ ಹುಡುಕುವ ಇಂಥ ಕೆಲಸಕ್ಕೆ ಆ ಕಾರಣದಿಂದಲೇ ಬೆಲೆ.

ಕಡಿಮೆ ಕೋಶ, ಕಡಿಮೆ ರೋಗ

ಕರ್ನಾಟಕದಿಂದ ಪಾರ್ಕಿನ್ಸನ್ ವಿಜ್ಞಾನಕ್ಕೆ ಸಂದ ಅತಿ ಮುಖ್ಯ ಕೊಡುಗೆ ಒಂದು ಎಣಿಕೆಯಿಂದ ಬಂದದ್ದು. ಯುರೋಪಿನ ಮಿದುಳುಗಳನ್ನು ಪರೀಕ್ಷಿಸಿದವರು, ರೋಗವಿಲ್ಲದವರಲ್ಲೂ ವಯಸ್ಸಾದಂತೆ ಸಬ್‌ಸ್ಟಾನ್ಷಿಯ ನೈಗ್ರದ ಕೋಶಗಳು ಒಂದೊಂದಾಗಿ ಸಾಯುತ್ತವೆ ಎಂದು ತೋರಿಸಿದ್ದರು. ಹಾಗಾಗಿ ಆರಂಭದಲ್ಲಿ ಕೋಶಗಳು ಕಡಿಮೆ ಇದ್ದವರಿಗೆ ರೋಗದ ಅಪಾಯ ಹೆಚ್ಚು ಎಂಬ ಊಹೆ ಸಹಜವಾಗಿತ್ತು. ನಿಮ್ಹಾನ್ಸ್‌ನ ಉದಯ ಮುಥಾಣೆ, ಟಿ. ಸಿ. ಯಶಾ ಮತ್ತು ಎಸ್. ಕೆ. ಶಂಕರ್ ಭಾರತೀಯರ ಮಿದುಳುಗಳಲ್ಲಿ ಈ ಕಪ್ಪು ಕೋಶಗಳನ್ನು ಎಣಿಸಿ 1998ರಲ್ಲಿ ವರದಿ ಕೊಟ್ಟರು. ಬ್ರಿಟನ್ನಿನ ಮಿದುಳುಗಳಿಗೆ ಹೋಲಿಸಿದರೆ ಇಲ್ಲಿನವರಲ್ಲಿ ಕೋಶಗಳು ಸುಮಾರು ಶೇ. 40ರಷ್ಟು ಕಡಿಮೆ. ಆದರೆ ವಯಸ್ಸಿನೊಂದಿಗೆ ಅವು ಕಡಿಮೆಯಾಗುತ್ತಿರಲಿಲ್ಲ.

ಊಹೆಯಂತಾಗಿದ್ದರೆ ಭಾರತದಲ್ಲಿ ರೋಗ ಹೆಚ್ಚಿರಬೇಕಿತ್ತು. ಸಮೀಕ್ಷೆಗಳು ಬೇರೆಯೇ ಹೇಳುತ್ತವೆ. ಮುಂಬೈಯ ಪಾರ್ಸಿ ಸಮುದಾಯದಲ್ಲಿ ಲಕ್ಷಕ್ಕೆ ಸುಮಾರು 328 ಎಂಬ ದೊಡ್ಡ ಸಂಖ್ಯೆ ಬಂದದ್ದನ್ನು ಬಿಟ್ಟರೆ, ದೇಶದ ಹೆಚ್ಚಿನ ಕಡೆ ಸಿಕ್ಕ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಕೆಳಗಿದೆ. 2003ರಲ್ಲಿ ಬೆಂಗಳೂರಿನ ಆಂಗ್ಲೋ-ಇಂಡಿಯನ್ ಸಮುದಾಯವನ್ನು ನೋಡಿದವರಿಗೆ ಇನ್ನೂ ಅಚ್ಚರಿ ಕಾದಿತ್ತು: ಯುರೋಪ್ ಮತ್ತು ಭಾರತದ ಮಿಶ್ರ ಮೂಲದ ಅವರಲ್ಲಿ ಅಪಾಯ ಉಳಿದ ಭಾರತೀಯರಿಗಿಂತಲೂ ಕಡಿಮೆ ಇತ್ತು.

ನಿಮ್ಹಾನ್ಸ್‌ನ ಫಲ್ಗುಣಿ ಆನಂದ್ ಅಲ್ಲಾಡಿ ಮತ್ತು ಸಹೋದ್ಯೋಗಿಗಳು 2009ರಲ್ಲಿ, ಹುಟ್ಟುವ ಮುಂಚಿನ ಶಿಶುವಿನಿಂದ ಹಿಡಿದು 80ರ ವಯಸ್ಸಿನವರೆಗಿನ ಮಿದುಳುಗಳನ್ನು ಇನ್ನಷ್ಟು ನಿಖರ ವಿಧಾನದಲ್ಲಿ ಪರೀಕ್ಷಿಸಿದರು. ವಯಸ್ಸಾದಂತೆ ಆಲ್ಫಾ-ಸಿನ್ಯೂಕ್ಲಿನ್ ಏರುತ್ತಿತ್ತು, ಆದರೂ ಕೋಶಗಳ ಸಂಖ್ಯೆ ಗಮನಾರ್ಹವಾಗಿ ಇಳಿಯಲಿಲ್ಲ. ಅವರು ಈ ಜಾಡಿನಲ್ಲಿ ಇಲಿಗಳನ್ನೂ ಬಳಸಿದರು. ಎಂಪಿಟಿಪಿಗೆ ಬೇಗ ಬಲಿಯಾಗುವ ತಳಿ, ತಡೆದುಕೊಳ್ಳುವ ತಳಿ ಮತ್ತು ಇವೆರಡರ ಮಿಶ್ರ ಸಂತಾನವನ್ನು ಹೋಲಿಸಿ, ಕೋಶ ಉಳಿಯುವುದಕ್ಕೆ ಯಾವ ಪ್ರೋಟೀನುಗಳು, ಯಾವ ನೆರೆಕೋಶಗಳು ಆಸರೆ ಎಂದು ಕೆದಕಿದರು.

ಇಲ್ಲೊಂದು ಎಚ್ಚರಿಕೆ ಬೇಕು. ಭಾರತದಲ್ಲಿ ಪ್ರಮಾಣ ಕಡಿಮೆ ಕಾಣುವುದಕ್ಕೆ ಜನಸಂಖ್ಯೆಯಲ್ಲಿ ಎಳೆಯರು ಹೆಚ್ಚಿರುವುದು, ಹಿರಿಯರ ರೋಗ ಪತ್ತೆಯಾಗದೆ ಉಳಿಯುವುದು ಎರಡೂ ಕಾರಣವಿರಬಹುದು. ನರತಜ್ಞೆ ಎಂ. ಗೌರಿದೇವಿ ಅವರ ನೇತೃತ್ವದಲ್ಲಿ ಬೆಂಗಳೂರು ನಗರ ಮತ್ತು ಹಳ್ಳಿಗಳ 1,02,557 ಮಂದಿಯನ್ನು ಮನೆಮನೆಗೆ ಹೋಗಿ ನೋಡಿದ, 2004ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಒಟ್ಟಾರೆ ನರರೋಗಗಳ ಹೊರೆ ಪಟ್ಟಣಕ್ಕಿಂತ ಹಳ್ಳಿಯಲ್ಲಿ ಸುಮಾರು ಎರಡು ಪಟ್ಟು ಇತ್ತು. ಆದರೆ ನರತಜ್ಞರಿರುವುದು ಹೆಚ್ಚಾಗಿ ಪಟ್ಟಣದಲ್ಲಿ. ಹಾಗಿದ್ದರೂ ಕೋಶಗಳ ಎಣಿಕೆಯ ಫಲಿತಾಂಶ ಪತ್ತೆಯ ಕೊರತೆಯಿಂದ ಅಳಿಸಿಹೋಗುವುದಿಲ್ಲ. ಎಷ್ಟು ಕೋಶಗಳೊಂದಿಗೆ ಹುಟ್ಟುತ್ತೇವೆ ಎಂಬುದಕ್ಕಿಂತ ಅವುಗಳನ್ನು ಹೇಗೆ ಉಳಿಸಿಕೊಳ್ಳುತ್ತೇವೆ ಎಂಬುದು ದೊಡ್ಡ ಪ್ರಶ್ನೆ ಎಂದು ಅದು ಸೂಚಿಸಿತು.

ಅಪಾಯದ ಅಂಶಗಳು

ವಯಸ್ಸೇ ಎಲ್ಲಕ್ಕಿಂತ ದೊಡ್ಡ ಅಪಾಯ. ಗಂಡಸರಿಗೆ ಹೆಂಗಸರಿಗಿಂತ ಹೆಚ್ಚು ಬರುತ್ತದೆ. ವಂಶವಾಹಿಗಳ ವಿಷಯದಲ್ಲಿ ಪರದೇಶದ ಪಟ್ಟಿಯನ್ನು ಇಲ್ಲಿಗೆ ಹಾಗೆಯೇ ತರಲಾಗದು: ಪಶ್ಚಿಮದಲ್ಲಿ ಬಹಳ ಚರ್ಚೆಯಾಗುವ ಎಲ್‌ಆರ್‌ಆರ್‌ಕೆ2 ವಂಶವಾಹಿಯ ಸಾಮಾನ್ಯ ದೋಷ ಭಾರತೀಯರಲ್ಲಿ ಅಪರೂಪ. ಈ ಕೊರತೆ ತುಂಬಲು ನಿಮ್ಹಾನ್ಸ್ ಸೇರಿದಂತೆ ಹಲವು ಕೇಂದ್ರಗಳು ಕೈಜೋಡಿಸಿ ಭಾರತೀಯ ರೋಗಿಗಳ ವಂಶವಾಹಿ ಅಧ್ಯಯನವನ್ನು ಕೈಗೆತ್ತಿಕೊಂಡಿವೆ.

ಕರಾವಳಿ, ಮಲೆನಾಡಿನ ತೋಟಗಾರರು ಗಮನಿಸಬೇಕಾದದ್ದು ಕೀಟನಾಶಕ ಮತ್ತು ಕಳೆನಾಶಕ. ಅಮೆರಿಕದ ಕೃಷಿಕರ ನಡುವೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಯಾರಾಕ್ವಾಟ್ ಎಂಬ ಕಳೆನಾಶಕ ಅಥವಾ ರೋಟೆನೋನ್ ಎಂಬ ಕೀಟನಾಶಕ ಬಳಸಿದವರಿಗೆ ಪಾರ್ಕಿನ್ಸನ್ ಬರುವ ಸಂಭವ ಸುಮಾರು ಎರಡೂವರೆ ಪಟ್ಟು ಇತ್ತು. ಪ್ಯಾರಾಕ್ವಾಟ್‌ನ ರಾಸಾಯನಿಕ ರಚನೆ ಎಂಪಿಟಿಪಿಯಿಂದ ದೇಹದಲ್ಲಿ ಹುಟ್ಟುವ ವಿಷವನ್ನೇ ಹೋಲುತ್ತದೆ. ಯುರೋಪಿನ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅವಕಾಶವಿಲ್ಲ. ಪಕ್ಕದ ಕೇರಳ 2011ರಲ್ಲಿ ನಿಷೇಧಿಸಿತು. ಅಡಿಕೆ, ರಬ್ಬರ್ ತೋಟಗಳಲ್ಲಿ ಬೆನ್ನಿಗೆ ಪಂಪು ಕಟ್ಟಿಕೊಂಡು, ಮುಖಕ್ಕೆ ಒಂದು ಬೈರಾಸು ಸುತ್ತಿ ಮದ್ದು ಹೊಡೆಯುವ ಕೆಲಸಗಾರರಿಗೆ ಈ ಮಾಹಿತಿ ತಲುಪಲೇಬೇಕು. ಕಾಫಿ ಕುಡಿಯುವವರಲ್ಲಿ ರೋಗ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ, ಕಾರಣ ಖಚಿತವಿಲ್ಲ.

ನಸುಗುನ್ನಿ ಮತ್ತು ಲೆವೊಡೋಪಾ

ಕರಾವಳಿಯ ಬೇಲಿ, ಕುರುಚಲು ಗುಡ್ಡಗಳ ಬಳ್ಳಿ ನಸುಗುನ್ನಿ. ಅದರ ಕಾಯಿಯ ಸುಂಕು ತಗಲಿದರೆ ಮೈಯೆಲ್ಲ ತುರಿಕೆ. ಈ ಕಾಯಿಯ ಬೀಜದಿಂದಲೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲಿ ಎಲ್-ಡೋಪಾವನ್ನು, ಅಂದರೆ ಲೆವೊಡೋಪಾವನ್ನು, ಬೇರ್ಪಡಿಸಿದರು. ಆಗ ಅದರಿಂದ ಏನು ಪ್ರಯೋಜನವೆಂದು ಜಗತ್ತಿಗೆ ತಿಳಿದಿರಲಿಲ್ಲ. ಡೋಪಮಿನ್ ಮಿದುಳಿನ ಸಂದೇಶವಾಹಕ ಎಂದು ಅರ್ವಿಡ್ ಕಾರ್ಲ್‌ಸನ್ ತೋರಿಸಿದ್ದು 1957ರ ಸುಮಾರಿಗೆ. ರೋಗಿಗಳ ಮಿದುಳಿನಲ್ಲಿ ಅದರ ಕೊರತೆ ಗೊತ್ತಾದದ್ದು 1960ರಲ್ಲಿ. ವೈದ್ಯ ಜಾರ್ಜ್ ಕೊಟ್ಜಿಯಾಸ್ ಡೋಪಾವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ಮರಗಟ್ಟಿದವರನ್ನು ನಡೆಸಿದ್ದು 1967ರಲ್ಲಿ. ಇಂದಿಗೂ ಲೆವೊಡೋಪಾದಷ್ಟು ಕೆಲಸ ಮಾಡುವ ಮಾತ್ರೆ ಬೇರೆ ಇಲ್ಲ.

ಆಯುರ್ವೇದ ಕಂಪವಾತಕ್ಕೆ ಇದೇ ಬೀಜವನ್ನು ಬಹು ಹಿಂದಿನಿಂದ ಬಳಸಿದೆ. ಗೌರಿದೇವಿ, ರಾಮು ಮತ್ತು ವೆಂಕಟರಾಮ್ 1991ರಲ್ಲಿ ಬರೆದ ಚರ್ಚಾಲೇಖನ ಈ ಪರಂಪರೆಯನ್ನು ಆಧುನಿಕ ವೈದ್ಯರ ಮುಂದಿಟ್ಟಿತು. 1995ರಲ್ಲಿ ಭಾರತದ ಹಲವು ಕೇಂದ್ರಗಳ 60 ರೋಗಿಗಳಿಗೆ ಎಚ್‌ಪಿ-200 ಎಂಬ ಬೀಜದ ಪುಡಿಯನ್ನು 12 ವಾರ ಕೊಟ್ಟು ಗುಣ ಕಂಡರು. 2004ರಲ್ಲಿ ಲಂಡನ್ನಿನಲ್ಲಿ ಎಂಟು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ 30 ಗ್ರಾಂ ಪುಡಿ ಸುಮಾರು 35 ನಿಮಿಷಕ್ಕೆ ಹತ್ತಿತು, ಮಾತ್ರೆ ಹತ್ತಲು 69 ನಿಮಿಷ ಬೇಕಾಯಿತು. ಆಶಾದಾಯಕವೇ, ಆದರೆ ಎಂಟೇ ಜನರ ಪರೀಕ್ಷೆ. ಕಾಡು ಬೀಜದಲ್ಲಿ ಡೋಪಾ ಎಷ್ಟಿದೆಯೆಂದು ಮನೆಯಲ್ಲಿ ಅಳೆಯಲಾಗದು. ಮಾತ್ರೆ ತೆಗೆದುಕೊಳ್ಳುತ್ತಲೇ ಪುಡಿಯನ್ನೂ ಸೇರಿಸಿದರೆ ಡೋಪಾ ಅತಿಯಾಗಿ ವಾಂತಿ, ರಕ್ತದೊತ್ತಡ ಕುಸಿತ, ಅಂಕೆಯಿಲ್ಲದ ಕೈಕಾಲು ಚಲನೆ, ಭ್ರಮೆ ಕಾಣಿಸಬಹುದು. ನರತಜ್ಞರಿಗೆ ತಿಳಿಸದೆ ಇದನ್ನು ಸೇವಿಸಬಾರದು.

ಪರೀಕ್ಷೆಯಲ್ಲಿರುವ ದಾರಿಗಳು

ವರ್ಷಗಳು ಕಳೆದಂತೆ ಲೆವೊಡೋಪಾದ ಪರಿಣಾಮ ಬಂದು ಹೋಗುವಂತಾಗುತ್ತದೆ. ಆಗ ಆಯ್ದ ರೋಗಿಗಳಿಗೆ ಮಿದುಳಿನಾಳಕ್ಕೆ ವಿದ್ಯುತ್ ತಂತಿ ಇಳಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆ ನೆರವಾಗುತ್ತದೆ. ಬೆಂಗಳೂರಿನಲ್ಲಿ ಅದು ಲಭ್ಯ. ಇವೆಲ್ಲ ಲಕ್ಷಣಗಳಿಗೆ ಚಿಕಿತ್ಸೆ. ರೋಗದ ಓಟವನ್ನೇ ತಡೆಯುವ ಪ್ರಯತ್ನಗಳ ಫಲ ಮಿಶ್ರವಾಗಿದೆ. ಸಕ್ಕರೆ ಕಾಯಿಲೆಯ ಲಿಕ್ಸಿಸೆನಟೈಡ್ ಚುಚ್ಚುಮದ್ದು 2024ರಲ್ಲಿ ಪ್ರಕಟವಾದ, ಫ್ರಾನ್ಸಿನ 156 ರೋಗಿಗಳ ಪರೀಕ್ಷೆಯಲ್ಲಿ ಒಂದು ವರ್ಷ ಚಲನೆಯ ಲಕ್ಷಣಗಳು ಹೆಚ್ಚದಂತೆ ಹಿಡಿದಿಟ್ಟಿತು, ಜೊತೆಗೆ ಓಕರಿಕೆಯ ಕಾಟವಿತ್ತು. ಅದೇ ಬಗೆಯ ಎಕ್ಸೆನಟೈಡ್ 2025ರಲ್ಲಿ ಪ್ರಕಟವಾದ ದೊಡ್ಡ ಬ್ರಿಟಿಷ್ ಪರೀಕ್ಷೆಯಲ್ಲಿ ಏನೂ ಪ್ರಯೋಜನ ತೋರಲಿಲ್ಲ. ಆಲ್ಫಾ-ಸಿನ್ಯೂಕ್ಲಿನ್ ವಿರುದ್ಧದ ಪ್ರತಿಕಾಯಗಳಲ್ಲಿ ಸಿನ್‌ಪನೆಮ್ಯಾಬ್ ಸೋತಿತು. 2025ರ ಏಪ್ರಿಲ್‌ನಲ್ಲಿ ಜಪಾನಿನ ಕ್ಯೋಟೊದ ತಂಡ ಕಾಂಡಕೋಶಗಳಿಂದ ಬೆಳೆಸಿದ ಡೋಪಮಿನ್ ಕೋಶಗಳನ್ನು ಏಳು ರೋಗಿಗಳ ಮಿದುಳಿಗೆ ನಾಟಿ ಮಾಡಿದ ವರದಿ ಕೊಟ್ಟಿತು; ಗಂಭೀರ ತೊಂದರೆಯಾಗಲಿಲ್ಲ, ಕೋಶಗಳು ಡೋಪಮಿನ್ ತಯಾರಿಸಿದವು.

ಪತ್ತೆಯ ವಿಷಯದಲ್ಲಿ ಹೆಜ್ಜೆ ಗಟ್ಟಿಯಾಗಿದೆ. ಬೆನ್ನುಹುರಿಯ ದ್ರವದಲ್ಲಿ ಮಡಿಕೆ ಕೆಟ್ಟ ಆಲ್ಫಾ-ಸಿನ್ಯೂಕ್ಲಿನ್ ಗುರುತಿಸುವ ಪರೀಕ್ಷೆ 2023ರ ದೊಡ್ಡ ಅಧ್ಯಯನದಲ್ಲಿ ಶೇ. 88ರಷ್ಟು ರೋಗಿಗಳನ್ನು ಹಿಡಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ನಿಮ್ಹಾನ್ಸ್‌ನವರು ಕನ್ನಡ ಸೇರಿದಂತೆ ಭಾರತೀಯ ಭಾಷೆಗಳ ರೋಗಿಗಳ ಮಾತನ್ನು ಧ್ವನಿಮುದ್ರಿಸಿ, ದನಿಯಿಂದಲೇ ರೋಗ ಗುರುತಿಸಲು ಕಂಪ್ಯೂಟರಿಗೆ ಕಲಿಸುತ್ತಿದ್ದಾರೆ.

ಭಾರತೀಯರ ಕೋಶಗಳ ಎಣಿಕೆ ಸಾಧ್ಯವಾದದ್ದು, ತಮ್ಮವರನ್ನು ಕಳೆದುಕೊಂಡ ದುಃಖದ ಗಳಿಗೆಯಲ್ಲೂ ಮಿದುಳಿನ ಪರೀಕ್ಷೆಗೆ ಒಪ್ಪಿದ ಕುಟುಂಬಗಳಿಂದ. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಮಾನವ ಮಿದುಳು ಅಂಗಾಂಶ ಭಂಡಾರವಿದೆ. ಕಣ್ಣಿನ ದಾನಕ್ಕೆ ಹೆಸರು ಬರೆಸುವ ಮನೆಗಳು ಮಿದುಳಿನ ದಾನದ ಬಗ್ಗೆಯೂ ಮಾತಾಡಿಕೊಳ್ಳಲಿ, ರೋಗವಿದ್ದವರ ಮನೆಯಷ್ಟೇ ಇಲ್ಲದವರ ಮನೆಯೂ. ಹೋಲಿಸಿ ನೋಡಲು ಎರಡೂ ಬೇಕು.